ಸಂಬಳ ಕೊಡದ ಔದಾರ್ಯ

ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ನಂಟಕೆಟ್ ದ್ವೀಪದಿಂದ ತಿಮಿಂಗಿಲ ಬೇಟೆಗೆ ಹಾಯಿಹಡಗು ಕಳಿಸುತ್ತಿದ್ದ ಧಣಿಗಳು ಸಂಬಳವೆಂಬ ಕೀಳು ಪದ್ಧತಿಯನ್ನು ಹತ್ತಿರ ಸೇರಿಸಿರಲಿಲ್ಲ. ಅವರಲ್ಲಿ ಬಹಳ ಮಂದಿ ಕ್ವೇಕರ್ ಪಂಥದವರು, ಯುದ್ಧವೆಂದರೆ ಕಿವಿ ಮುಚ್ಚಿಕೊಳ್ಳುವ ಶಾಂತಿಪ್ರಿಯರು. (ತಿಮಿಂಗಿಲಕ್ಕೆ ಈಟಿ ಚುಚ್ಚುವುದು ಯುದ್ಧದ ಲೆಕ್ಕಕ್ಕೆ ಬರುವುದಿಲ್ಲ.) ಅಂಥವರು ನಾವಿಕನನ್ನು ಆಳೆಂದು ಕಂಡಾರೆಯೇ? ಪಾಲುದಾರನೆಂದೇ ಕಂಡು, ಬಂದ ಎಣ್ಣೆಯಲ್ಲಿ ಪಾಲು ಬರೆದುಕೊಡುತ್ತಿದ್ದರು. ಕಪ್ತಾನನಿಗೆ ಸುಮಾರು 17ರಲ್ಲಿ ಒಂದು, ಹೊಸ ಹುಡುಗನಿಗೆ 150ರಲ್ಲೋ 200ರಲ್ಲೋ ಒಂದು. ದೊಡ್ಡ ಸಂಖ್ಯೆ ಯಾರಿಗೆ ಹೋಯಿತೆಂದು ನೋಡಿದರೆ ಸಾಕು, ಧಣಿಗಳ ಒಲವು ಬಡವನ ಕಡೆಗೇ ಇತ್ತೆಂದು ತಿಳಿಯುತ್ತದೆ.

ಪಾಲು ಕೈಗೆ ಬರುವುದು ಎರಡು ಮೂರು ವರ್ಷ ಕಳೆದು ಹಡಗು ಹಿಂತಿರುಗಿದ ಮೇಲೆ. ಅಲ್ಲಿಯವರೆಗೆ ಹುಡುಗ ಚಳಿಯಲ್ಲಿ ನಡುಗಬಾರದಲ್ಲ! ಅಂಗಿ, ಷರಾಯಿ, ಹೊಗೆಸೊಪ್ಪು ಎಲ್ಲ ಹಡಗಿನಲ್ಲೇ ಸಾಲಕ್ಕೆ ಸಿಗುತ್ತಿತ್ತು. ಬೆಲೆ ಪೇಟೆಗಿಂತ ಒಂದಿಷ್ಟು ಮೇಲೆ, ನಿಜ. ಆದರೆ ನಡುಸಮುದ್ರದಲ್ಲಿ ನಾಲ್ಕು ಅಂಗಡಿ ಅಲೆಯುವ ತಾಪತ್ರಯ ತಪ್ಪಿತಲ್ಲ. ಕೆಲವರು ವರ್ಷಗಟ್ಟಲೆ ದುಡಿದು, ಕಡೆಗೆ ಧಣಿಗೇ ಬಾಕಿದಾರರಾಗಿ ದಡಕ್ಕಿಳಿದರು. ಒಂದೇ ಯಾನಕ್ಕೆ ಋಣಾನುಬಂಧ ಹರಿಯದಂತೆ ನೋಡಿಕೊಳ್ಳುವವರು ಈಗ ಎಲ್ಲಿದ್ದಾರೆ?

ಮಿತವ್ಯಯವನ್ನೂ ಅವರಿಂದ ಕಲಿಯಬೇಕು. ಡೆಕ್ಕಿನ ಮೇಲೆ ಇಟ್ಟಿಗೆಯ ಒಲೆ, ಒಲೆಯ ಮೇಲೆ ಕೊಬ್ಬು ಕಾಯಿಸುವ ಕಡಾಯಿ; ಎಣ್ಣೆ ಬಿಟ್ಟ ಕರಕಲು ಚೂರುಗಳೇ ಮುಂದಿನ ಉರಿಗೆ ಸೌದೆ. ತನ್ನನ್ನು ಬೇಯಿಸುವ ಖರ್ಚನ್ನು ತಿಮಿಂಗಿಲವೇ ವಹಿಸಿಕೊಳ್ಳುತ್ತಿತ್ತು. ಊಟಕ್ಕೆ ಗಲಪಾಗೊಸ್ ದ್ವೀಪಗಳ ದೈತ್ಯ ಆಮೆಗಳು: ತಿಂಗಳುಗಟ್ಟಲೆ ಅನ್ನ ನೀರು ಕೇಳದೆ ಹಡಗಿನಲ್ಲಿ ಜೀವ ಹಿಡಿದಿರುತ್ತಿದ್ದವು. ಅವಕ್ಕೆ ಹಾಯಿ ಕಟ್ಟಲು ಬಂದಿದ್ದರೆ ಮನುಷ್ಯರನ್ನು ಹತ್ತಿಸಿಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಇಂಥ ಸುವ್ಯವಸ್ಥೆಗೆ 1820ರ ನವೆಂಬರ್ 20ರಂದು ಅಡ್ಡಿ ಬಂತು. ಪೆಸಿಫಿಕ್ ಸಾಗರದ ನಡುವೆ, ಯಾವ ಕರಾರಿಗೂ ಸಹಿ ಹಾಕಿರದ ಸುಮಾರು 85 ಅಡಿಯ ತಿಮಿಂಗಿಲವೊಂದು 'ಎಸೆಕ್ಸ್' ಹಡಗಿಗೆ ಎರಡು ಸಲ ಗುದ್ದಿ ಮುಳುಗಿಸಿತು. 20 ಮಂದಿ ಮೂರು ದೋಣಿ ಹತ್ತಿದರು. ಪಶ್ಚಿಮದ ದ್ವೀಪಗಳು ಹತ್ತಿರವಿದ್ದವು, ಆದರೆ ಅಲ್ಲಿ ನರಭಕ್ಷಕರಿದ್ದಾರೆಂಬ ಸುದ್ದಿಯಿತ್ತು. ಆದ್ದರಿಂದ ವಿವೇಕಿಗಳಾಗಿ ಸಾವಿರಾರು ಮೈಲಿ ದೂರದ ದಕ್ಷಿಣ ಅಮೆರಿಕದತ್ತ ಹೊರಟರು. ಆ ಮುಂಜಾಗ್ರತೆ ಎಷ್ಟು ಪರಿಪೂರ್ಣವಾಗಿತ್ತೆಂದರೆ, ನರಭಕ್ಷಣೆಗೆ ಅವರು ಪರರನ್ನು ಅವಲಂಬಿಸಬೇಕಾಗಲಿಲ್ಲ. ಒಂದು ದೋಣಿಯಲ್ಲಿ ಚೀಟಿ ಎತ್ತಿದಾಗ ಕಪ್ತಾನ್ ಜಾರ್ಜ್ ಪೊಲಾರ್ಡನ ನಂಟ, ಹದಿಹರೆಯದ ಓವನ್ ಕಾಫಿನ್‌ನ ಸರದಿ ಬಂತು. ನೆಂಟಸ್ತಿಕೆ ನಡುವೆ ಬರಲಿಲ್ಲ. ಬದುಕಿ ಬಂದವರು ಒಟ್ಟು ಎಂಟು ಮಂದಿ. ಮುಳುಗಿದ ಎಣ್ಣೆಯಲ್ಲಿ 17ರ ಪಾಲೂ 200ರ ಪಾಲೂ ಒಂದೇ ಆದದ್ದರಿಂದ, ಅವರ ನಡುವೆ ಮೇಲುಕೀಳಿನ ಜಗಳಕ್ಕೂ ಆಸ್ಪದವಿರಲಿಲ್ಲ.

ಪೊಲಾರ್ಡನಿಗೆ ಮತ್ತೊಂದು ಹಡಗು ಕೊಟ್ಟರು. 1823ರಲ್ಲಿ ಅದೂ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಕೊನೆಗೆ ಅವನು ನಂಟಕೆಟ್‌ನಲ್ಲಿ ರಾತ್ರಿ ಕಾವಲುಗಾರನಾದ. ಆ ಕೆಲಸದಲ್ಲಿ ಪಾಲುದಾರಿಕೆಯ ಗೌರವವೇನೂ ಇರಲಿಲ್ಲ, ಬರೀ ಸಂಬಳ.