ಕಾಗೆಯ ಲೆಕ್ಕ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನೇರ ಗೆರೆ ಎಳೆದರೆ ಸುಮಾರು 125 ಕಿಲೋಮೀಟರ್. ಆದರೆ ಈ ಅಂಕಿ ಕಾಗೆಗೆ ಮಾತ್ರ ಉಪಯೋಗ. ನೇರ ವಿಮಾನವಿಲ್ಲದ ಮನುಷ್ಯ ಬೆಂಗಳೂರು ಸುತ್ತಿ ಬರಬೇಕು. ಅಲ್ಲಿಗೆ ಆಕಾಶದಲ್ಲೇ ಒಟ್ಟು 540 ಕಿಲೋಮೀಟರ್ ಆಸುಪಾಸು, ದೇವನಹಳ್ಳಿಯ ದುಬಾರಿ ಕಾಫಿ ಬೇರೆ. ‘ನೇರ ವಿಮಾನ ಬಿಟ್ಟರಾಯಿತಪ್ಪ’ ಎನ್ನುವವರಿದ್ದಾರೆ. ಬಿಡಲಿ, ಬೇಡ ಎಂದವರಾರು? ಗಂಟೆ ಮುಂಚೆ ಹೋಗಿ, ಬೆಲ್ಟು ಬಿಚ್ಚಿ ಟ್ರೇಗೆ ಹಾಕಿ, ಹಾರಿ, ಇಳಿದು, ಬ್ಯಾಗಿಗೆ ಕಾಯುವಷ್ಟರಲ್ಲಿ ಕಾರು ಆಗುಂಬೆ ಮುಟ್ಟಿರುತ್ತದೆ. ಹಾಗಂತ ರಸ್ತೆಯ ಕಿಲೋಮೀಟರನ್ನೂ ನಂಬುವಂತಿಲ್ಲ. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ, ಮಳೆಗಾಲದ ಮಂಜಿನಲ್ಲಿ, ಹಿಂದಿನ ಸೀಟಿನವರು ನಿಂಬೆಹಣ್ಣು ಮೂಸುತ್ತ ಕೂತಾಗ ದೂರ ಅಳೆಯುವುದು ಹೊಟ್ಟೆಯೇ ಹೊರತು ಮೀಟರಲ್ಲ. ಡ್ರೈವರನ್ನು ಕೇಳಿ ನೋಡಿ: ‘ತೀರ್ಥಹಳ್ಳೀಲಿ ಒಂದು ಟೀ, ಸೋಮೇಶ್ವರದಲ್ಲಿ ಇನ್ನೊಂದು’ ಎನ್ನುತ್ತಾನೆ.