ಬಿಸ್ಕೆಟ್ಟು ನಿಂತರೆ ಸರ್ವರು ನಿಂತೀತೆ?

ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಖರ್ಚು ಇಳಿಸಬೇಕೆಂಬ ಮಾತು ಹೊರಟಿತೆಂದರೆ ಮೊದಲು ಮಾಯವಾಗುವುದು ಚಹಾದ ಜೊತೆಗಿನ ಬಿಸ್ಕೆಟ್ಟು. ಬೆನ್ನಿಗೇ ಏಸಿಯ ರಿಮೋಟು ಯಾರದೋ ಡ್ರಾಯರ್ ಸೇರುತ್ತದೆ. ಇನ್ನೇನನ್ನು ಕತ್ತರಿಸೋಣ ಎಂದು ಚರ್ಚಿಸಲು ಎಂಟು ಜನ ಒಂದು ಗಂಟೆ ಕೂರುತ್ತಾರೆ. ತಲೆಗೆ ತಿಂಗಳಿಗೆ 1 ಲಕ್ಷ ಸಂಬಳ, 160 ಗಂಟೆ ಕೆಲಸ ಎಂದಿಟ್ಟುಕೊಂಡರೆ ಆ ಒಂದು ಮೀಟಿಂಗಿನ ಬೆಲೆ 5,000 ರೂಪಾಯಿ; ಅಷ್ಟರಲ್ಲಿ ಬಿಸ್ಕೆಟ್ಟು ಎಷ್ಟು ದಿನ ಬರುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಇವರನ್ನು ದಡ್ಡರೆನ್ನಲಾಗದು. ಪಾಪ, ಕಣ್ಣಿಗೆ ಬೀಳುವ ಖರ್ಚೇ ಅದೊಂದು. ಬೀಳದೆ ಇರುವುದು ಬೇರೆ ಕಡೆ ಓಡುತ್ತಿರುತ್ತದೆ: ಶುಕ್ರವಾರ ಸಂಜೆ ಟೆಸ್ಟಿಂಗಿಗೆಂದು ಹಚ್ಚಿದ ಸರ್ವರು ಎರಡು ದೀಪಾವಳಿ ಕಳೆದರೂ ಆರಿಲ್ಲ, ಕೆಲಸ ಬಿಟ್ಟುಹೋದ ಹುಡುಗನ ಹೆಸರಿನ ಲೈಸೆನ್ಸಿಗೆ ತಿಂಗಳು ತಿಂಗಳು ಬಾಡಿಗೆ ತಪ್ಪಿಲ್ಲ, ಯಾರೂ ಓದದ ಲಾಗುಗಳು ಮನೆದೇವರ ಒಡವೆಯ ಹಾಗೆ ಜೋಪಾನವಾಗಿವೆ. ನನ್ನ ವಾದ ಇಷ್ಟೇ: ಖರ್ಚು ಮಾಡುವ ಕೈಗೂ ಬಿಲ್ಲು ನೋಡುವ ಕಣ್ಣಿಗೂ ನಡುವೆ ಎಷ್ಟು ದೂರವೋ, ಪೋಲು ಅಷ್ಟು.

ಆ ದೂರವೇ ಇಲ್ಲದ ಪ್ರಾಡಕ್ಟ್ ಟೀಮನ್ನು ನೋಡಬೇಕಾದರೆ ಬೆಂಗಳೂರಿನ ಇಂದಿರಾನಗರ ಬಿಟ್ಟು, ಚಳ್ಳಕೆರೆಯ ಎಣ್ಣೆಮಿಲ್ಲುಗಳನ್ನು ದಾಟಿ ಮೊಳಕಾಲ್ಮೂರಿಗೆ ಬರಬೇಕು. ಇಲ್ಲಿಯ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ. ಕರ್ನಾಟಕದ ಕಾಂಚೀಪುರವೆಂಬ ಹೊಗಳಿಕೆಯೂ ಉಂಟು. ಒಂದು ಮನೆ, ಒಂದೆರಡು ಗುಂಡಿಮಗ್ಗ, ಅದರ ಸುತ್ತ ಮೂರು ನಾಲ್ಕು ಜನ. ನೇಕಾರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಾನೆ, ಲಾಳಿ ಎಡದಿಂದ ಬಲಕ್ಕೆ ಓಡುತ್ತದೆ, ಒಂದು ಎಳೆ ಕಡಿದರೆ ಕೈ ತಾನಾಗಿ ನಿಲ್ಲುತ್ತದೆ. ಕಡಿದ ಎಳೆಯನ್ನು ಮುಂದಿನ ತ್ರೈಮಾಸಿಕಕ್ಕೆ ನೋಡಿಕೊಳ್ಳೋಣವೆಂದು ಪಟ್ಟಿಗೆ ಸೇರಿಸಿ ಮುಂದುವರಿಯುವ ಪದ್ಧತಿ ಅಲ್ಲಿಲ್ಲ. ಜರಿ ತೂಕದ ಲೆಕ್ಕದ ಮಾಲು. ಸೆರಗಿಗೆ ಇನ್ನೊಂದು ಸಾಲು ನವಿಲು ಕೂರಿಸಬೇಕೆಂಬ ಆಸೆ ಹುಟ್ಟಿದ ಕ್ಷಣದಲ್ಲೇ, ಅದಕ್ಕೆ ಎಷ್ಟು ಜರಿ, ಎಷ್ಟು ದಿನ, ಸೀರೆಗೆ ಎಷ್ಟು ಹೆಚ್ಚು ಸಿಕ್ಕೀತು ಎಂಬ ಮೂರು ಲೆಕ್ಕಗಳೂ ಅದೇ ತಲೆಯಲ್ಲಿ ಹುಟ್ಟುತ್ತವೆ. ನಮ್ಮ ಟೀಮಿನಲ್ಲಿ ನವಿಲು ಬೇಕೆನ್ನುವವರು ಸೇಲ್ಸಿನವರು, ನೇಯುವವರು ಇಂಜಿನಿಯರುಗಳು, ಜರಿಯ ಬಿಲ್ಲು ಹೋಗುವುದು ಅಕೌಂಟೆಂಟರಿಗೆ. ಅವರಿಗೆ ಅದು ನವಿಲೋ ಗೂಬೆಯೋ ಗೊತ್ತಿರುವುದಿಲ್ಲ.

ಇದು ಬಡ ಟೀಮುಗಳಷ್ಟೇ ಮಾಡುವ ತಪ್ಪೆಂದು ಸಮಾಧಾನಪಡುವಂತಿಲ್ಲ. ಅಮೆಜಾನಿನ ಪ್ರೈಮ್ ವಿಡಿಯೋದವರು 2023ರಲ್ಲಿ ತಾವೇ ಬರೆದುಕೊಂಡರು: ವಿಡಿಯೋದ ಗುಣಮಟ್ಟ ಕಾಯುವ ಒಂದು ವ್ಯವಸ್ಥೆಯನ್ನು ಚೂರುಚೂರು ಸೇವೆಗಳಾಗಿ ಕಟ್ಟಿದ್ದೆವು, ಒಂದೇ ಮೂಟೆ ಕಟ್ಟಿದ ಮೇಲೆ ಖರ್ಚು ಶೇ. 90ಕ್ಕಿಂತ ಹೆಚ್ಚು ಇಳಿಯಿತು ಎಂದು. ಕ್ಲೌಡ್ ಮಾರುವ ಅಂಗಡಿಯ ಮನೆಮಂದಿಯ ಪಾಡೇ ಹೀಗಾದರೆ ಗಿರಾಕಿಗಳ ಗತಿ ಊಹಿಸಬಹುದು. ಅಮೆರಿಕದ 37ಸಿಗ್ನಲ್ಸ್ ಎಂಬ ಸಣ್ಣ ಕಂಪನಿ 2022ರಲ್ಲಿ ಕ್ಲೌಡಿಗೆ ಸುಮಾರು 32 ಲಕ್ಷ ಡಾಲರ್ ತೆತ್ತದ್ದನ್ನು ಬಹಿರಂಗವಾಗಿ ಲೆಕ್ಕ ಹಾಕಿ, ಸುಮಾರು 7 ಲಕ್ಷ ಡಾಲರಿಗೆ ಸ್ವಂತ ಸರ್ವರು ಕೊಂಡು ಹೊರಬಂದಿತು. ಎಲ್ಲರೂ ಹಾಗೇ ಹೊರಬರಬೇಕೆಂದು ನಾನು ಹೇಳುತ್ತಿಲ್ಲ. ತಿಂಗಳಿಗೆ ಹತ್ತು ಸಾವಿರ ಬಿಲ್ಲು ಬರುವವರು ಸರ್ವರು ಕೊಂಡರೆ ಅದನ್ನು ಕಾಯಲು ಆಳಿಡಬೇಕಾಗುತ್ತದೆ. ಪ್ರೈಮ್ ವಿಡಿಯೋ, 37ಸಿಗ್ನಲ್ಸ್ ಇಬ್ಬರೂ ಗೆದ್ದದ್ದು ಕಟ್ಟುವವರೇ ಕೂತು ಬಿಲ್ಲನ್ನು ಸಾಲು ಸಾಲಾಗಿ ಓದಿದ್ದರಿಂದ.

ಇಲ್ಲೊಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಸರ್ವರಿನ ಬಿಲ್ಲು ಎಷ್ಟೇ ಆದರೂ ಸಂಬಳದ ಮುಂದೆ ಚಿಲ್ಲರೆ. ದುಬಾರಿ ಇಂಜಿನಿಯರನ್ನು ಬಿಲ್ಲು ಓದಲು ಕೂರಿಸುವುದೇ ದೊಡ್ಡ ಪೋಲು. ಒಪ್ಪೋಣ. ಆದರೆ ಸಂಬಳದಲ್ಲೂ ಅದೇ ದೂರದ ಕಾಟ. ಸಾಫ್ಟ್‌ವೇರ್ ಪಂಡಿತ ಫ್ರೆಡ್ ಬ್ರೂಕ್ಸ್ 1975ರಲ್ಲೇ ತೋರಿಸಿದ ಲೆಕ್ಕ: ಐದು ಜನರ ನಡುವೆ ಮಾತಿನ ದಾರಿ ಹತ್ತು, ಹತ್ತು ಜನರ ನಡುವೆ ನಲವತ್ತೈದು. ಹತ್ತನೆಯವನನ್ನು ಸೇರಿಸಿಕೊಳ್ಳುವಾಗ ಆಫರ್ ಲೆಟರಿನಲ್ಲಿ ಅವನ ಸಂಬಳವಿರುತ್ತದೆ, ಅವನು ತರುವ ಒಂಬತ್ತು ಹೊಸ ದಾರಿಗಳ ಸುಂಕ ಇರುವುದಿಲ್ಲ. ಹೊರಗಿನ ಬಂಡವಾಳವಿಲ್ಲದೆ 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಝೆರೋಧಾ ಷೇರುಪೇಟೆಯ ಅಷ್ಟು ದೊಡ್ಡ ವಹಿವಾಟನ್ನು ಮೂವತ್ತರ ಆಸುಪಾಸಿನ ತಂತ್ರಜ್ಞರ ತಂಡದಲ್ಲಿ ನಡೆಸಿಕೊಂಡು ಬಂದದ್ದು ಈ ಸುಂಕ ತಪ್ಪಿಸಿದ್ದರಿಂದಲೂ ಹೌದು. ಇನ್ನು ಕೆಲವರದು ಸುಲಭದ ಉಪಾಯ: ಬೆಂಗಳೂರಿನ ಬಾಡಿಗೆ ತಾನೇ ತೊಂದರೆ, ಟೀಮನ್ನೇ ಚಳ್ಳಕೆರೆಗೆ ಎತ್ತಿಬಿಡೋಣ. ಬರಲಿ, ಸಂತೋಷ, ಐಐಎಸ್‌ಸಿ, ಡಿಆರ್‌ಡಿಒಗಳೇ ಬಂದಿವೆ. ಆದರೆ ಮುಂಬಯಿಯಲ್ಲಿರುವ ಸರ್ವರಿಗೆ ತನ್ನನ್ನು ಆರಿಸಲು ಮರೆತವನು ಚಳ್ಳಕೆರೆ ಕಡೆಯ ಕುದಾಪುರದಲ್ಲಿದ್ದಾನೋ ಬೆಂಗಳೂರಿನ ಕೋರಮಂಗಲದಲ್ಲಿದ್ದಾನೋ ಬೇಕಿಲ್ಲ. ಮೀಟರು ಎರಡೂ ಕಡೆಗೆ ಒಂದೇ ವೇಗದಲ್ಲಿ ಓಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಚುಚ್ಚುವಂಥದ್ದು: ಅಷ್ಟು ಚೊಕ್ಕ ಲೆಕ್ಕವಿದ್ದೂ ನೇಕಾರ ಯಾಕೆ ಬಡವ? ಉತ್ತರ ಅವನ ಲೆಕ್ಕದಲ್ಲೇ ಇದೆ, ಬರೆಯದೆ ಬಿಟ್ಟ ಸಾಲುಗಳಲ್ಲಿ. ನೂಲು ಕೊಡುವ ಸಾಹುಕಾರ ಸೀರೆಗಿಷ್ಟು ಎಂದು ಮಜೂರಿ ಕಟ್ಟುತ್ತಾನೆ. ಹೆಂಡತಿ ಕಂಡಿಕೆ ಸುತ್ತಿದ್ದು, ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಕೆಚ್ಚಿದ್ದು ಬಹಳ ಸಲ ಆ ಮಜೂರಿಯೊಳಗೇ ಕರಗಿಹೋಗುತ್ತದೆ. ಖರ್ಚು ಅಲ್ಲಿ ಕಡಿಮೆಯಾಗಿಲ್ಲ, ಮನೆಯವರ ಬೆನ್ನಿಗೆ ವರ್ಗವಾಗಿದೆ. ನಮ್ಮ ಟೀಮುಗಳೂ ಈ ಒಂದು ವಿದ್ಯೆಯನ್ನು ಮಾತ್ರ ಮೊಳಕಾಲ್ಮೂರಿನವರಿಗಿಂತ ಚೆನ್ನಾಗಿ ಕಲಿತಿವೆ: ಭಾನುವಾರದ ದುಡಿಮೆ, ರಾತ್ರಿ ಎರಡಕ್ಕೆ ಬರುವ ಅಲರ್ಟು, ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬನೇ ಕೂತು ಪುಕ್ಕಟೆ ಕಾಪಾಡುತ್ತಿರುವ ಓಪನ್ ಸೋರ್ಸ್ ಲೈಬ್ರರಿ. ಬಿಲ್ಲನ್ನು ಕಣ್ಣಿಗೆ ಹತ್ತಿರ ತರುವುದೆಂದರೆ ಈ ಸಾಲುಗಳನ್ನೂ ಬರೆಯುವುದು. ಬರೆದರೆ ಎಷ್ಟೋ ಉಳಿತಾಯಗಳು ಉಳಿತಾಯವಾಗಿ ಉಳಿಯುವುದಿಲ್ಲ, ಅದಕ್ಕೇ ಯಾರೂ ಬರೆಯುವುದಿಲ್ಲ.

ಕಡೇಪಕ್ಷ ಯಾವುದು ಯಾರದು ಎಂದಾದರೂ ಬರೆದಿಡಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಒಂದೇ ಶಾಸನದ ಮೂರು ಪ್ರತಿಗಳು ಅಕ್ಕಪಕ್ಕದಲ್ಲೇ ಇವೆ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ಬ್ಯಾಕಪ್ಪಿನ ವಿಷಯದಲ್ಲಿ ಮೌರ್ಯರದು ಸ್ವಲ್ಪ ಅತಿಯೇ ಆಯಿತೆನ್ನಬೇಕು. ಆದರೂ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರು ಹಾಕಿ, ಲಿಪಿಕಾರನೆಂಬ ಮಾತನ್ನು ದೂರದ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಕೊರೆದಿಟ್ಟ. ಎರಡು ಸಾವಿರ ವರ್ಷ ದಾಟಿದ ಮೇಲೂ ಇದನ್ನು ಹಚ್ಚಿದವನು ಯಾರೆಂದು ನಾವು ಹೇಳಬಲ್ಲೆವು. ಕಳೆದ ತಿಂಗಳು ಹಚ್ಚಿದ ಸರ್ವರಿನಲ್ಲಿ ಓನರ್ ಎಂಬ ಖಾನೆ ಖಾಲಿ ಇದೆ. ಕೇಳಿದರೆ ಎಂಟು ಜನರೂ ಒಬ್ಬರ ಮುಖ ಒಬ್ಬರು ನೋಡಿ, ಅದನ್ನು ಆರಿಸಿದರೆ ಏನಾದರೂ ನಿಂತುಹೋದೀತೆಂದು ಹೆದರಿ, ಇನ್ನೊಂದು ಮೀಟಿಂಗ್ ಇಟ್ಟುಕೊಳ್ಳುತ್ತಾರೆ. ಈ ಸಲ ಬಿಸ್ಕೆಟ್ಟೂ ಇರುವುದಿಲ್ಲ.