ಕಾವಲಿಗೊಬ್ಬ ಕಾವಲುಗಾರ

ಭದ್ರಾವತಿಯಲ್ಲಿ ಹುಟ್ಟಿದವನಿಗೆ ಕಬ್ಬಿಣದ ವಿಷಯದಲ್ಲಿ ಸ್ವಲ್ಪ ಜಂಬ ಇದ್ದೇ ಇರುತ್ತದೆ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದ ಊರು, ಮಲೆನಾಡಿನ ಸೌದೆಯ ಇದ್ದಿಲಲ್ಲಿ ಅದಿರು ಕರಗಿಸಿದ ಊರು. ಅಲ್ಲಿಯ ನೀರು ಕುಡಿದವನು ಒಂದು ದೋಸೆ ಕಾವಲಿಗೆ ಹೆದರುವುದುಂಟೇ? ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಬೀಡಿನ ಕಾವಲಿಯೊಂದನ್ನು, ಜೊತೆಗಿರಲಿ ಎಂದು ಬೀಡಿನ ಬಾಣಲೆಯನ್ನೂ ತಂದೆ. "ಬೀಳಿಸ್ಬೇಡಿ ಸಾರ್, ಒಡೆದೋಗುತ್ತೆ" ಎಂದ ಅಂಗಡಿಯವನು. ಕಬ್ಬಿಣ ಒಡೆಯುತ್ತದಂತೆ! ಭದ್ರಾವತಿಯವನಿಗೇ ಹೇಳುತ್ತಾನಲ್ಲ ಎಂದು ನಕ್ಕು ಸ್ಕೂಟರಿಗೆ ಚೀಲ ನೇತುಹಾಕಿದೆ. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ಚೀಲ ಗಾಡಿಯನ್ನು ತನ್ನ ಕಡೆಗೇ ಎಳೆಯಿತು.

ಆಗ ಸಾಗರದಿಂದ ನಮ್ಮ ಅತ್ತೆ ಬಂದಿದ್ದರು. ಅಳಿಯನ ಜೊತೆ ನೇರವಾಗಿ ಮಾತಾಡುವ ಪೈಕಿಯಲ್ಲ ಅವರು. ನಾನು ಎದುರಿಗೇ ಕೂತಿದ್ದರೂ ಎಲ್ಲ ಮಾತೂ ಮಗಳ ಮೂಲಕವೇ ಬರಬೇಕು. ಚೀಲದೊಳಗೆ ಇಣುಕಿ, "ಎಷ್ಟು ಕೊಟ್ರಂತೆ, ಕೇಳೇ" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಅವರು ಉಸಿರೆತ್ತಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಅವರ ಅತ್ತೆಯ ಕಾಲದ, ಮುಖ ಕಾಣುವಷ್ಟು ಮಿನುಗುತ್ತಿದ್ದ ಕಾವಲಿಯನ್ನು ನಾನ್‌ಸ್ಟಿಕ್ ಬಂದದ್ದೇ ತಡ ಗುಜರಿಗೆ ತೂಕಕ್ಕೆ ಹಾಕಿ, ಆ ದುಡ್ಡಲ್ಲಿ ಪ್ಲಾಸ್ಟಿಕ್ ಬಕೆಟ್ ಕೊಂಡಿದ್ದರು. ಬಕೆಟ್ ಇನ್ನೂ ಗಟ್ಟಿಮುಟ್ಟಾಗಿದೆಯಂತೆ.

ಹೊಸ ಕಾವಲಿಯನ್ನು ಪಳಗಿಸಬೇಕಲ್ಲ, ಮೊದಲು ಶಾಸ್ತ್ರ ಓದಿಕೊಂಡೆ. ಕಾದ ಕಬ್ಬಿಣದ ಮೇಲೆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಗಾಳಿಯ ಆಮ್ಲಜನಕ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ದೋಸೆಯನ್ನು ಬಿಟ್ಟುಕೊಡುವುದು ಆ ಪೊರೆ. ಊಟದ ಹೊತ್ತಿನಲ್ಲಿ ಇದನ್ನೆಲ್ಲ ಮನೆಯವರಿಗೆ ಬಿಡಿಸಿ ಹೇಳಿದೆ, ಯಾರೂ ಕೇಳಿರಲಿಲ್ಲ. ಪೊರೆ ತೆಳುವಾಗಿರಬೇಕು ಎಂಬ ಒಂದು ಮಾತು ಮಾತ್ರ ನನ್ನ ತಲೆಯಿಂದ ಜಾರಿಹೋಗಿತ್ತು. ಕೈಗೆ ಸಿಕ್ಕ ತೆಂಗಿನೆಣ್ಣೆಯನ್ನು ಧಾರಾಳವಾಗಿ ಸುರಿದು ದೊಡ್ಡ ಉರಿಯಲ್ಲಿಟ್ಟೆ. ತೆಂಗಿನೆಣ್ಣೆಯಲ್ಲಿ ಶೇಕಡಾ 90ರಷ್ಟು ಸಂತೃಪ್ತ ಕೊಬ್ಬು. ಸಂತೃಪ್ತರಿಗೆ ಇನ್ನೊಬ್ಬರ ಜೊತೆ ಹೆಣೆದುಕೊಳ್ಳುವ ದರ್ದು ಎಲ್ಲಿಂದ ಬರಬೇಕು? ಹೊಗೆಯಂತೂ ಸಮೃದ್ಧವಾಗಿ ಬಂತು. ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಏನ್ ಸಾರ್, ಗಣಹೋಮವಾ? ಕರೀಲೇ ಇಲ್ಲ" ಎಂದು ಬೇಸರ ಮಾಡಿಕೊಂಡು ಹೋದರು. ಕಾವಲಿ ಆರಿದ ಮೇಲೆ ಮುಟ್ಟಿದರೆ ಹಲಸಿನ ಮೇಣದ ಹಾಗೆ ಬೆರಳು ಕಚ್ಚಿಕೊಂಡಿತು. ಹಲಸಿನ ಮೇಣವನ್ನು ಜನ ತೆಂಗಿನೆಣ್ಣೆ ಹಚ್ಚಿ ಬಿಡಿಸುತ್ತಾರೆ. ನಾನು ತೆಂಗಿನೆಣ್ಣೆಯಿಂದಲೇ ಮೇಣ ತಯಾರಿಸಿದ್ದೆ.

"ಎಳ್ಳೆಣ್ಣೆ ಹಚ್ಚೋದಕ್ಕೆ ಹೇಳೇ. ಹಚ್ಚಿದ ಮೇಲೆ ಪೂರ್ತಿ ಒರೆಸಿಬಿಡಬೇಕು, ಹಚ್ಚೇ ಇಲ್ವೇನೋ ಅನ್ನೋ ಹಾಗೆ." ಮಗಳು ನನ್ನ ಮುಖ ನೋಡಿದಳು, ನಾನು ಕಾವಲಿ ಕೆರೆಯತೊಡಗಿದೆ.

ಭಾನುವಾರ ದೋಸೆ. ಬೀಡು ಶಾಖ ಹರಡುವುದರಲ್ಲಿ ಬಲು ಸೋಮಾರಿ. ಅಲ್ಯೂಮಿನಿಯಂ ಹರಡುವುದರ ಸುಮಾರು ಕಾಲುಭಾಗದಷ್ಟೇ. ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ಆದರೆ ಮೂರು ತಟ್ಟೆಗಳು ಮೇಜಿನ ಮೇಲೆ ಬಂದು ಕೂತಿರುವಾಗ ನಿಧಾನ ಮಾಡುವವರು ಯಾರು? ಉರಿ ಏರಿಸಿದೆ. ಸೌಟಿನಿಂದ ಹಿಟ್ಟು ಹುಯ್ದು ತಿರುಗಿಸಿದರೆ ಅದು ಕಾವಲಿಯ ಮೇಲೆ ಹರಡುವುದನ್ನು ಬಿಟ್ಟು ಸೌಟಿಗೇ ಸುತ್ತಿಕೊಂಡು ಎದ್ದುಬಂತು. ಉಳಿದದ್ದು ನಡುವೆ ಕರಕಲು, ಅಂಚಿನಲ್ಲಿ ಹಸಿ. ಸಟ್ಟುಗ ಹಾಕಿ ಎಬ್ಬಿದರೆ ಚೂರು ಚೂರು. ನನ್ನಾಕೆ ಮಾತಿಲ್ಲದೆ ಬಂದು ಚೂರುಗಳನ್ನೆಲ್ಲ ಬಾಚಿ, ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಟ್ಟು ದೋಸೆ ಉಪ್ಪಿಟ್ಟು ಬಡಿಸಿದಳು. "ಅಳಿಯಂದ್ರು ಉಪ್ಪಿಟ್ಟು ಚೆನ್ನಾಗಿ ಮಾಡ್ತಾರೆ ಅಂತ ಹೇಳೇ" ಎಂದರು ಅತ್ತೆ. ಸಾಗರದ ಕಡೆಯವರ ಉಪಚಾರವೇ ಹಾಗೆ, ಎಲ್ಲಿ ತಗುಲಿತು ಎಂದು ಮಾರನೇ ದಿನ ಗೊತ್ತಾಗುತ್ತದೆ.

ದೋಸೆಯಲ್ಲಿ ಹೋದ ಮಾನವನ್ನು ಬಾಣಲೆಯಲ್ಲಿ ಹಿಂದಕ್ಕೆ ತರೋಣವೆಂದು ಹಾಗಲಕಾಯಿ ಗೊಜ್ಜಿಗೆ ಕೈ ಹಾಕಿದೆ. ಹುಣಿಸೇಹಣ್ಣು ಧಾರಾಳ. ಹುಳಿ ಮೊದಲು ಪೊರೆಯನ್ನು ತಿಂದಿತು, ಆಮೇಲೆ ಕಬ್ಬಿಣಕ್ಕೆ ಇಳಿಯಿತು. ಗೊಜ್ಜು ಶಾಯಿಯ ಬಣ್ಣಕ್ಕೆ ತಿರುಗಿ, ನಾಲಿಗೆಗೆ ಹಳೇ ಮೊಳೆ ಚೀಪಿದ ರುಚಿ ಕೊಟ್ಟಿತು. ನಾನು ಎದೆಗುಂದಲಿಲ್ಲ. ಹುಳಿ ಪದಾರ್ಥ ಬೆಂದಾಗ ಕಬ್ಬಿಣದ ಪಾತ್ರೆಯಿಂದ ಊಟಕ್ಕೆ ಕಬ್ಬಿಣಾಂಶ ಇಳಿಯುವುದು ನಿಜ, ರಕ್ತಹೀನತೆ ಇರುವವರಿಗೆ ಒಳ್ಳೆಯದು ಎಂದು ವಾದಿಸಿದೆ.

"ಈ ಮನೇಲಿ ಯಾರಿಗೂ ರಕ್ತ ಕಡಿಮೆ ಇಲ್ಲ ಅಂತ ಹೇಳೇ."

ಆ ಸಿಟ್ಟಿನಲ್ಲಿ ಕಾದ ಬಾಣಲೆಯನ್ನು ಒಯ್ದು ನಲ್ಲಿಯ ಕೆಳಗೆ ಹಿಡಿದೆ. ಟಣ್ ಎಂದಿತು. ಅಂಚಿನಿಂದ ತಳದವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ. ಬೀಡಿನಲ್ಲಿ ಇಂಗಾಲ ಶೇಕಡಾ 2ರಿಂದ 4ರವರೆಗೆ ಇರುತ್ತದೆ, ಅದಕ್ಕೇ ಅದು ಪೆಡಸು. ಬಗ್ಗು ಅಂದರೆ ಬಗ್ಗುವುದಿಲ್ಲ, ಸೀಳುತ್ತದೆ. ಈ ಅಂಕಿ ನನಗೆ ಕಾಲೇಜಿನಲ್ಲಿದ್ದಾಗಿನಿಂದ ಬಾಯಿಪಾಠ.

ಉಳಿದದ್ದು ಕಾವಲಿಯೊಂದೇ. ಎಳ್ಳೆಣ್ಣೆ, ಅರ್ಧ ಈರುಳ್ಳಿ, ಸಣ್ಣ ಉರಿ ಎಂದು ಜಪ ಮಾಡುತ್ತ ಅಂತೂ ಅದಕ್ಕೆ ಕಪ್ಪು ಮೈ ಬರಿಸಿದೆ. ದೋಸೆ ಅಂಚು ಬಿಟ್ಟು ತಾನಾಗಿ ಏಳತೊಡಗಿತು. ಆ ಸಂಭ್ರಮದಲ್ಲಿ ಕಾವಲಿಯನ್ನು ಒಲೆಯ ಮೇಲೇ ಬಿಟ್ಟು ಪೇಟೆಗೆ ಹೋದೆ. ಪಾತ್ರೆ ತೊಳೆಯಲು ಬರುವ ಅಕ್ಕ ಸ್ಟೀಲ್ ನಾರು ಹಾಕಿ ಅದನ್ನು ಬೂದು ಬಣ್ಣಕ್ಕೆ ತಂದು, ನೀರು ಸೋರಲಿ ಎಂದು ಗೋಡೆಗೆ ಒರಗಿಸಿದ್ದರು. "ಏನ್ ಕಪ್ಪು ಹಿಡಿದಿತ್ತು ಸಾರ್, ಕೈಯೇ ಬಿದ್ದೋಯ್ತು" ಎಂದರು ಹೆಮ್ಮೆಯಿಂದ. ಬೆಳಿಗ್ಗೆ ನೋಡಿದರೆ ಮೈತುಂಬ ಕೇಸರಿ ತುಕ್ಕು. ಅಂದಿನಿಂದ ಕಾವಲಿಯ ವಾಸ ನನ್ನ ಬೀರುವಿನಲ್ಲಿ, ಮನೆಪತ್ರದ ಪಕ್ಕ. ಬೀಗದಕೈ ನನ್ನ ಜೇಬಿನಲ್ಲಿ.

ಈಗ ದೋಸೆ ಮಾನವಾಗಿ ಏಳುತ್ತದೆ, ಬೇಕಾದರೆ ಬಂದು ನೋಡಿ. ಭಾನುವಾರ ಸ್ವಲ್ಪ ತಡವಾಗಿಯೇ ಬನ್ನಿ, ಮೊದಲಿನ ಒಂದೆರಡು ಕಾವಲಿಗೇ ಸಲ್ಲುತ್ತವೆ. ಗೊಜ್ಜು ಬೇಕೆನ್ನಬೇಡಿ. ತಿಂದ ಮೇಲೆ ದಾಕ್ಷಿಣ್ಯಕ್ಕೆ ಪಾತ್ರೆ ತೊಳೆಯುತ್ತೇನೆಂದು ಹೊರಟರೆ ಲೋಟ, ತಟ್ಟೆ ಎಷ್ಟು ಬೇಕಾದರೂ ತೊಳೆಯಿರಿ, ಕಾವಲಿಯ ತಂಟೆಗೆ ಮಾತ್ರ ಹೋಗಬೇಡಿ.